ಫಕ್ರುಸಾಬರು ಅಲ್ಯುಮಿನಿಯಂ ಕಲಿತದ್ದು

ಬೈಲಹೊಂಗಲದಿಂದ ಬೆಳಗಾವಿಗೆ ಹೋಗುವ ರಸ್ತೆಯಲ್ಲಿ, ಹತ್ತಿ ಜಿನ್ನಿಂಗ್ ಮಿಲ್ಲಿನ ಉದ್ದ ಗೋಡೆ ಮುಗಿದ ಕೂಡಲೇ ಫಕ್ರುಸಾಬರ ತಗಡಿನ ಅಂಗಡಿ. ಬೋರ್ಡು ಬರೆಸಿರಲಿಲ್ಲ. ಬಾಗಿಲ ಪಕ್ಕದ ಗೂಟಕ್ಕೆ ಹಳೆಯ ಲಾರಿಯದೊಂದು ರೇಡಿಯೇಟರ್ ನೇತುಹಾಕಿದ್ದರು. ಎಂಜಿನ್ ಕಾದು ಮೂತಿಯಿಂದ ಹಬೆ ಉಗುಳುತ್ತ ಬಂದ ಗಾಡಿಯವರಿಗೆ ಅಷ್ಟು ಗುರುತು ಸಾಕಾಗುತ್ತಿತ್ತು.

ಅವರ ಊರು ಮನೋಳಿ. ಹದಿನಾರನೇ ವಯಸ್ಸಿಗೆ ಹುಬ್ಬಳ್ಳಿಗೆ ಹೋಗಿ, ಅಲ್ಲಿ ಒಬ್ಬ ಉಸ್ತಾದರ ಕೈಕೆಳಗೆ ಒಂಬತ್ತು ವರ್ಷ ರೇಡಿಯೇಟರ್ ಕೆಲಸ ಕಲಿತರು. ತಾಮ್ರ ಮತ್ತು ಹಿತ್ತಾಳೆ ಅವರ ಕೈಯಲ್ಲಿ ಮಾತು ಕೇಳುತ್ತಿದ್ದವು. ಸೋರುವ ರೇಡಿಯೇಟರಿನ ಬಾಯಿಗಳನ್ನು ರಬ್ಬರಿನಿಂದ ಮುಚ್ಚಿ, ಒಳಗೆ ಗಾಳಿ ತುಂಬಿ, ಸಿಮೆಂಟಿನ ತೊಟ್ಟಿಯ ನೀರಲ್ಲಿ ಮುಳುಗಿಸುವರು. ಎಲ್ಲಿಂದ ಗುಳ್ಳೆ ಏಳುತ್ತದೋ ಅಲ್ಲಿ ಬೆರಳಿಟ್ಟು, ಸುಣ್ಣದಿಂದ ಗುರುತು ಮಾಡಿ, ಬೆಸುಗೆ ಹಾಕುವರು. ತೊಂಬತ್ತರ ದಶಕದಲ್ಲಿ ಅವರಿಗೆ ಪುರುಸೊತ್ತೇ ಇರಲಿಲ್ಲ. ಕಬ್ಬಿನ ಹಂಗಾಮಿನಲ್ಲಿ ಟ್ರ್ಯಾಕ್ಟರುಗಳು, ಹತ್ತಿಯ ಹಂಗಾಮಿನಲ್ಲಿ ಲಾರಿಗಳು, ವರ್ಷವಿಡೀ ಸವದತ್ತಿಯ ಗುಡ್ಡ ಹತ್ತಿ ಇಳಿಯುವ ಟೆಂಪೋಗಳು. "ಫಕ್ರುಸಾಬ್ರ ಕೈ ಹಾಕಿದ್ರ ಇನ್ನ ಹತ್ತ ವರ್ಷ ಸೋರೂದಿಲ್ಲ" ಎಂದು ರಾಮದುರ್ಗದ ಚಾಲಕರೂ ಹೇಳುತ್ತಿದ್ದರು.

ಆ ದಶಕದ ಕೊನೆಗೆ ಗಾಡಿಗಳ ಮೂತಿಯೊಳಗಿನ ಲೋಹ ಬದಲಾಯಿತು. ಹೊಸ ಗಾಡಿಗಳಲ್ಲಿ ಕೆಂಪು ತಾಮ್ರ ಹೋಗಿ ಬಿಳಿಯ ಅಲ್ಯುಮಿನಿಯಂ ಬಂತು. ೧೯೯೮ರಲ್ಲಿ ರಾಮದುರ್ಗದಿಂದ ಅಂಥ ಮೊದಲ ರೇಡಿಯೇಟರ್ ಅವರ ಅಂಗಡಿಗೆ ಬಂದಾಗ, ಎಂದಿನಂತೆ ಉರಿ ಹಿಡಿದರು. ತಾಮ್ರ ಕಾದರೆ ಬಣ್ಣ ತಿರುಗುತ್ತದೆ, ಸಾಕು ನಿಲ್ಲಿಸು ಎನ್ನುತ್ತದೆ. ಇದು ಬಣ್ಣ ತಿರುಗಲಿಲ್ಲ. ತೆಪ್ಪಗೆ ಕೂತಿದ್ದ ಲೋಹ ಒಮ್ಮೆಲೇ ಕುಸಿದು ತೊಟ್ಟಿಕ್ಕಿತು. ಸೂಜಿಯ ಮೊನೆಯಷ್ಟಿದ್ದ ತೂತು ಎಂಟಾಣೆಯಷ್ಟಾಯಿತು. ಗಾಡಿಯವನು ಒಳ್ಳೆಯ ಮನುಷ್ಯ, ಏನೂ ಅನ್ನಲಿಲ್ಲ. ಆದರೆ ಫಕ್ರುಸಾಬರಿಗೆ ಅಂದು ಊಟ ಸೇರಲಿಲ್ಲ.

ಅಂದಿನಿಂದ ಬಿಳಿಯ ರೇಡಿಯೇಟರ್ ಬಂದರೆ ಕೈಯಿಂದಲೂ ಮುಟ್ಟುತ್ತಿರಲಿಲ್ಲ. "ಇದು ರಿಪೇರಿ ಆಗೂ ಮಾಲಲ್ರಿ, ಹೊಸಾದು ತರಸ್ರಿ" ಎಂದು ಕಳಿಸುತ್ತಿದ್ದರು. ಆರು ವರ್ಷ ಹಾಗೆ ಹೇಳಿದರು. ಅದು ರಿಪೇರಿಯಾಗದ ಮಾಲಲ್ಲ, ತಮಗೆ ಬಾರದ ಕೆಲಸ ಎಂಬುದು ಅವರಿಗೆ ಗೊತ್ತಿತ್ತು. ಇನ್ನೊಬ್ಬರಿಗೆ ಗೊತ್ತಿದ್ದರೆ ಅದು ಹೆಂಡತಿ ಜುಬೇದಾಬಿಗೆ ಮಾತ್ರ. ಆಕೆ ಮನೆಯಲ್ಲಿ ಸಾಲಿ ಮಕ್ಕಳ ಸಮವಸ್ತ್ರ ಹೊಲಿಯುತ್ತಿದ್ದಳು. ಗಂಡ ಮಧ್ಯಾಹ್ನವೇ ಮನೆಗೆ ಬಂದು ಕೂರುವ ದಿನಗಳು ಹೆಚ್ಚಾಗುತ್ತಿರುವುದನ್ನು ಹೊಲಿಗೆಯ ಮೇಲಿನ ಕಣ್ಣು ಎತ್ತದೆಯೇ ಗಮನಿಸುತ್ತಿದ್ದಳು.

೨೦೦೪ರ ಯುಗಾದಿ ಕಳೆದ ಮೇಲೆ ಒಂದು ಮುಂಜಾನೆ, ಅಂಗಡಿಯ ಮುಂದೆ ನೆಲಕ್ಕೆ ಅಂಟಿದಂತೆ ಗಿಡ್ಡಗಿರುವ ಕೆಂಪು ಕಾರೊಂದು ಬಂದು ನಿಂತಿತು. ಎರಡೇ ಬಾಗಿಲು, ಉದ್ದನೆಯ ಮೂತಿ. ಇಳಿದವರು ಇಬ್ಬರು. ಒಬ್ಬ ಜಿನ್ನಿಂಗ್ ಮಿಲ್ಲಿನ ಮಾಲೀಕರ ಮಗ ಗೌರೀಶ, ಇಪ್ಪತ್ತೆಂಟರ ಯುವಕ. ಇನ್ನೊಬ್ಬ ಎಂಜಿನ್ ಮೆಕ್ಯಾನಿಕ್ ಕಲ್ಮೇಶ. ಪುಣೆಯಲ್ಲಿ ಕೆಲಸ ಕಲಿತು ಬಂದು ಊರಲ್ಲಿ ಗ್ಯಾರೇಜು ಇಟ್ಟವನು, ಫಕ್ರುಸಾಬರನ್ನು ಚಾಚಾ ಎಂದು ಕರೆಯುವವನು.

"ಚಾಚಾ, ಜಪಾನದ್ದು," ಎಂದು ಕಲ್ಮೇಶ ಕಾರಿನ ಮೂತಿಯ ಮುಚ್ಚಳ ಎತ್ತಿ ತೋರಿಸಿದ. "ಗೋವಾದೊಳಗ ಹಡಗಿನ ಎಂಜಿನಿಯರ್ ಒಬ್ಬರ ಮನ್ಯಾಗ ಒಂಬತ್ತು ವರ್ಷ ನಿಂತಿತ್ತು. ಸಾವ್ಕಾರ್ರು ತಂದ್ರು, ನಾ ಎಬ್ಬಿಸೀನಿ. ಆರು ಸಿಲಿಂಡರ್. ಈಗ ಇದಕ್ಕ ಎರಡು ಟರ್ಬೊ ಕೂಡಸಬೇಕಂತ ಮಾಡೇವಿ."

ಟರ್ಬೊ ಎಂದರೇನೆಂದು ಫಕ್ರುಸಾಬರಿಗೆ ಗೊತ್ತಿತ್ತು. ಹೊಸ ಲಾರಿಗಳಲ್ಲಿ ನೋಡಿದ್ದರು. ಹೊಗೆ ಹೊರಗೆ ಹೋಗುವ ರಭಸಕ್ಕೆ ಒಂದು ಚಕ್ರ ತಿರುಗುತ್ತದೆ, ಅದು ಇನ್ನೊಂದು ಚಕ್ರ ತಿರುಗಿಸಿ ಎಂಜಿನ್ನಿಗೆ ಗಾಳಿ ಒತ್ತಿ ತುಂಬುತ್ತದೆ. ಹೆಚ್ಚು ಗಾಳಿ, ಹೆಚ್ಚು ಇಂಧನ, ಹೆಚ್ಚು ಬಲ. ಆದರೆ ಒಂದೇ ಕಾರಿಗೆ ಎರಡು ಟರ್ಬೊ ಕೇಳಿದ್ದು ಅದೇ ಮೊದಲು.

"ಮೂರು ಸಿಲಿಂಡರಿಗೆ ಒಂದರಂಗ ಎರಡು," ಎಂದ ಗೌರೀಶ. ಅವನ ಕಣ್ಣು ಮದುವೆ ಗೊತ್ತಾದವನ ಕಣ್ಣಿನಂತೆ ಹೊಳೆಯುತ್ತಿತ್ತು. "ಮುಂಬಯಿಯ ಹಳೇ ಸಾಮಾನಿನ ಪ್ಯಾಟ್ಯಾಗ ಸಿಕ್ಕಾವು. ಬಲ ದುಪ್ಪಟ್ಟ ಆಗತೈತಿ. ಎಂಜಿನ್ ಕಾಯಬಾರದಲ್ರೀ, ಅದಕ್ಕ ನೀವು ದೊಡ್ಡ ರೇಡಿಯೇಟರ್ ಮಾಡಿ ಕೊಡಬೇಕು. ತಾಮ್ರದ್ದ ಮಾಡ್ರಿ."

ಬೆಳಗಾವಿಯ ನೆಟ್ ಕೆಫೆಯಲ್ಲಿ ಕೂತು ಬರೆದುಕೊಂಡ ಯಾದಿಯೊಂದನ್ನು ಅವನು ಜೇಬಿನಿಂದ ತೆಗೆದ. ಮಾಡಬೇಕಾದ ಕೆಲಸವೆಲ್ಲ ಅದರಲ್ಲಿತ್ತು. ಫಕ್ರುಸಾಬರಿಗೆ ಇಂಗ್ಲಿಷ್ ಓದಲು ಬರುತ್ತಿರಲಿಲ್ಲ, ಗೌರೀಶನೇ ಒಂದೊಂದಾಗಿ ಓದಿ ಹೇಳಿದ. ಟರ್ಬೊ, ಅದರ ಕೊಳವೆ, ಪೆಟ್ರೋಲ್ ಪಂಪು, ಕ್ಲಚ್, ಚಕ್ರ, ಬಣ್ಣ ಕೂಡ ಇತ್ತು. ಫಕ್ರುಸಾಬರು ಬೀಡಿ ಹಚ್ಚದೆ ಕೈಯಲ್ಲೇ ಹಿಡಿದು ಪೂರ್ತಿ ಕೇಳಿದರು.

"ಸಣ್ಣ ಸಾವ್ಕಾರ್ರ, ನಿಮ್ಮ ಯಾದಿಯೊಳಗ ಬ್ರೇಕು ಎಷ್ಟನೇದು?"

ಗೌರೀಶ ಬೆರಳಿನಿಂದ ಎಣಿಸಿದ. "ಹದಿನೇಳನೇದು."

"ಬಣ್ಣ?"

"ಹದಿಮೂರು."

"ಬ್ರೇಕನ್ನ ಒಂದಕ್ಕ ತರ್ರಿ. ಆಮ್ಯಾಲ ನಾ ರೇಡಿಯೇಟರಿಗೆ ಕೈ ಹಚ್ಚತೇನಿ."

ಕಲ್ಮೇಶ ನಕ್ಕ. "ಚಾಚಾ, ಈಗಿನ ಬ್ರೇಕ್ ಗಟ್ಟಿ ಅದಾವು, ನಾನ ನೋಡೇನಿ."

"ಈಗಿನ ಬಲಕ್ಕ ಗಟ್ಟಿ ಅದಾವು. ಖರೆ ನೋಡೂದಿದ್ರ ಗುಡ್ಡಕ್ಕ ಹೋಗೂಣ ನಡೀರಿ."

ಮರುದಿನ ಮಧ್ಯಾಹ್ನ ಮೂವರೂ ಸವದತ್ತಿಗೆ ಹೋದರು. ವಾರದ ದಿನ, ಎಲ್ಲಮ್ಮನ ಗುಡ್ಡದ ರಸ್ತೆಯಲ್ಲಿ ಜನ ಇರಲಿಲ್ಲ. ಫಕ್ರುಸಾಬರು ಮೊದಲು ನಡೆದು ನೋಡಿ, ಇಳಿಜಾರು ಮುಗಿದ ಮೇಲೆ ರಸ್ತೆ ಮತ್ತೆ ಸ್ವಲ್ಪ ಏರುವ ಒಂದು ತುಂಡನ್ನು ಆರಿಸಿದರು. ಅಲ್ಲಿ ಏನಾದರೂ ಆದರೂ ಗಾಡಿ ತಾನಾಗಿ ನಿಧಾನವಾಗುತ್ತದೆ. "ಕಲ್ಮೇಶ, ನೀ ಕೆಳಗ ನಿಂದರು, ಎದುರಿಗೆ ಗಾಡಿ ಬಂದ್ರ ತಡೀ" ಎಂದು, ತಾವು ಗೌರೀಶನ ಪಕ್ಕ ಕೂತರು.

"ಜೋರ ಬಿಡ್ರಿ, ಕೆಳಗ ಬರೂದರೊಳಗ ಎರಡು ಸಲ ಪೂರಾ ಒತ್ತಿ ನಿಲ್ಲಸ್ರಿ. ಹಿಂಗ ಮೂರು ಫೇರಿ."

ಮೊದಲ ಇಳಿತ ಸುಗಮವಾಯಿತು. ಎರಡನೇ ಸಲ ರಬ್ಬರು ಸುಟ್ಟಂಥ ವಾಸನೆ ಬಂತು. ಮೂರನೇ ಸಲ ಅರ್ಧ ಇಳಿದಾಗ ಗೌರೀಶ ಕಾಲು ಒತ್ತಿದ, ಪೆಡಲು ತೊಯ್ದ ಹಾಸಿಗೆಯಂತೆ ಮೆತ್ತಗೆ ಕೆಳಗಿಳಿಯಿತು. ಕಾರು ನಿಲ್ಲಲಿಲ್ಲ. ಅವನು ಇನ್ನೊಮ್ಮೆ ಒತ್ತಿದ, ಏನೂ ಇಲ್ಲ. ಫಕ್ರುಸಾಬರ ಬಾಯಿಂದ "ಗೇರ್ ಇಳಸ್ರಿ, ಗೇರ್!" ಎಂದು ಬಂತು, ಕೈ ತಾನಾಗಿ ಹ್ಯಾಂಡ್‌ಬ್ರೇಕಿಗೆ ಹೋಯಿತು. ಎಂಜಿನ್ ಕಿರುಚಿತು. ಎದುರಿನ ಏರು ಬಂದು ಕಾರು ಏದುಸಿರು ಬಿಡುತ್ತ, ರಸ್ತೆ ಬದಿಯ ಜಲ್ಲಿಕಲ್ಲಿನ ಗುಡ್ಡೆಗೆ ಮೂತಿ ತಾಗಿಸಿ ನಿಂತಿತು.

ಜಾಗ ತಾವೇ ಆರಿಸಿದ್ದರೂ ಫಕ್ರುಸಾಬರು ಹ್ಯಾಂಡ್‌ಬ್ರೇಕು ಹಿಡಿದೇ ಇದ್ದರು. ಗೌರೀಶನ ಕೈಗಳು ಸ್ಟೀರಿಂಗ್ ಬಿಡಲು ಒಲ್ಲೆ ಎನ್ನುತ್ತಿದ್ದವು. ಓಡಿ ಬಂದ ಕಲ್ಮೇಶ ಚಕ್ರದಿಂದ ಏಳುವ ಹೊಗೆ ಕಂಡು ನೀರಿನ ಕ್ಯಾನ್ ಎತ್ತಿದ.

"ನೀರ ಹಾಕಬ್ಯಾಡೊ! ಡಿಸ್ಕ್ ಸೀಳತೈತಿ. ತಾನ ಆರಲಿ" ಎಂದರು ಫಕ್ರುಸಾಬರು.

ಗೌರೀಶ ಕೆಳಗಿಳಿದು ಜಲ್ಲಿಯ ಗುಡ್ಡೆಯ ಮೇಲೆ ಕೂತ. "ಮನ್ಯಾಗ ಅವ್ವಗ ಹೇಳಬ್ಯಾಡ್ರಿ" ಎಂದ. ಆಮೇಲೆ, "ಫಕ್ರುಸಾಬ್ರ, ನಾ ಎರಡು ಟರ್ಬೊ ಹಾಕ್ಕೊಂಡು ಇಲ್ಲಿಗೆ ಬಂದಿದ್ರ?" ಎಂದ.

"ಬಂದಿಲ್ಲಲ್ಲ. ಬಂದಿಲ್ಲಂದ ಮ್ಯಾಲ ಯಾಕ ಅದರ ಮಾತು."

ಗೌರೀಶ ಜೇಬಿನಿಂದ ಯಾದಿ ತೆಗೆದು, ಕಲ್ಮೇಶನ ಪೆನ್ನು ಇಸಿದುಕೊಂಡು, ಬ್ರೇಕಿನ ಸಾಲಿನ ಮುಂದೆ ಒಂದು ಎಂದು ಬರೆದ.

ಅಂದಿನಿಂದ ಅವನು ಬದಲಾದ ಎನ್ನಬಹುದು. ದಿನ ಬಿಟ್ಟು ದಿನ ಅಂಗಡಿಗೆ ಬಂದು ಮುರುಕು ಸ್ಟೂಲಿನ ಮೇಲೆ ಕೂತು, "ಮುಂದ ಏನು ಮಾಡೂಣ್ರಿ?" ಎಂದು ಕೇಳುತ್ತಿದ್ದ. ಕಲ್ಮೇಶ ಭಾರದ ಗಾಡಿಯೊಂದರ ದೊಡ್ಡ ಡಿಸ್ಕುಗಳನ್ನು ತಂದು ಮುಂದಿನ ಚಕ್ರಗಳಿಗೆ ಕೂಡಿಸಿದ, ಬ್ರೇಕಿನ ಎಣ್ಣೆಯ ಪೈಪುಗಳನ್ನೆಲ್ಲ ಬದಲಿಸಿದ. ಮೂವರೂ ಮತ್ತೆ ಗುಡ್ಡಕ್ಕೆ ಹೋಗಿ ಐದು ಫೇರಿ ಇಳಿದರು. ಐದನೆಯದಕ್ಕೂ ಪೆಡಲು ಕಲ್ಲಿನಂತಿತ್ತು. ಆಮೇಲೆ ಕ್ಲಚ್ ಆಯಿತು, ಯಾಕೆಂದರೆ ದುಪ್ಪಟ್ಟು ಬಲ ಬಂದರೆ ಹಳೆಯದು ಜಾರುತ್ತದೆ. ಪೆಟ್ರೋಲ್ ಪಂಪಾಯಿತು. ಟರ್ಬೊದ ಎಣ್ಣೆ ಕಾಯದ ಹಾಗೆ ಇನ್ನೊಂದು ಸಣ್ಣ ಕೂಲರು ಬೇಕೆಂದು ಫಕ್ರುಸಾಬರೇ ಹೇಳಿ ತಾಮ್ರದಲ್ಲಿ ಮಾಡಿಕೊಟ್ಟರು. ರೇಡಿಯೇಟರನ್ನಂತೂ ಇಪ್ಪತ್ತು ದಿನ ಕೂತು ಮಾಡಿದರು. ಅದರ ಒಂದೊಂದು ಕೊಳವೆಯನ್ನೂ ಬೆಳಕಿಗೆ ಹಿಡಿದು ನೋಡಿ ಸೇರಿಸಿದರು.

ಒಂದು ದಿನ ಅವರು ಗೌರೀಶನ ಕೈಗೆ ಸೈಕಲ್ ಪಂಪು ಕೊಟ್ಟರು. "ಬಾಯಿಗೆ ಹೆಬ್ಬಟ್ಟ ಒತ್ತಿ ಹಿಡದು ಹತ್ತು ಸಲ ಹೊಡೀರಿ."

ಗೌರೀಶ ಹೊಡೆದ.

"ಈಗ ಪಂಪಿನ ಬುಡ ಮುಟ್ರಿ."

ಬುಡ ಸುಡುತ್ತಿತ್ತು.

"ಗಾಳಿ ಒತ್ತಿದ್ರ ಕಾಯತೈತಿ. ನಿಮ್ಮ ಎರಡೂ ಟರ್ಬೊ ಎಂಜಿನ್ನಿಗೆ ಇಂಥಾ ಕಾದ ಗಾಳೀನ ಕುಡಸತಾವು. ಕಾದ ಗಾಳಿ ಕುಡದ್ರ ಎಂಜಿನ್ ಒಡಕೋತೈತಿ. ನಡಬರಕ ಅದನ್ನ ಆರಸಬೇಕು."

"ಇಂಟರ್‌ಕೂಲರ್," ಎಂದ ಗೌರೀಶ ಮೆಲ್ಲಗೆ. "ಯಾದಿಯೊಳಗ ಬರದೇನ್ರಿ. ಆದ್ರ ನಮ್ಮ ಕಾರಿನ ಮೂತ್ಯಾಗ ಹೊಂದೂವಂಥಾದು ಎಲ್ಲೂ ಸಿಗವಲ್ದು."

"ಹೊಸ ಲಾರಿಗೆ ಇರತಾವಲ್ಲ," ಎಂದು ಕಲ್ಮೇಶ ನಡುವೆ ಬಂದ. "ಗುಜರಿಯಿಂದ ಒಂದು ತಂದು, ಕೊರದು, ನಮ್ಮ ಅಳತಿಗೆ ಹೊಸ ಪೆಟ್ಟಿಗಿ ಕಟ್ಟಿದ್ರ ಆತು. ಚಾಚಾ ಅದಾರಲ್ಲ."

ಲಾರಿಯ ಇಂಟರ್‌ಕೂಲರ್ ಅಲ್ಯುಮಿನಿಯಂನದು. ಫಕ್ರುಸಾಬರು ಕೈಯಲ್ಲಿದ್ದ ಚಿಂದಿ ಬಟ್ಟೆಯನ್ನು ಮಡಚಿದರು, ಮತ್ತೆ ಬಿಚ್ಚಿದರು. ರಿಪೇರಿ ಆಗೂ ಮಾಲಲ್ಲ ಎನ್ನುವ ಮಾತು ನಾಲಿಗೆಯ ತುದಿಗೆ ಬಂತು. ಮೂರು ತಿಂಗಳಿಂದ ತಮ್ಮ ಮಾತು ಕೇಳಿಕೊಂಡು, ಸಾವ್ಕಾರರ ಮಗ ಎಂಬುದನ್ನೂ ಮರೆತು ಮುರುಕು ಸ್ಟೂಲಿನ ಮೇಲೆ ಕೂರುವ ಈ ಹುಡುಗನಿಗೆ ಆ ಸುಳ್ಳು ಹೇಳಲಾಗಲಿಲ್ಲ.

"ನಂಗ ಅಲ್ಯುಮಿನಿಯಂ ಬರೂದಿಲ್ರಿ," ಎಂದರು. "ಆರು ವರ್ಷ ಆತು, ಬಂದವರಿಗೆಲ್ಲಾ ಅದು ಆಗೂದಿಲ್ಲಂತ ಹೇಳಿ ಕಳಿಸೇನಿ. ನಂಗ ಬರೂದಿಲ್ಲಂತ ಯಾರಿಗೂ ಹೇಳಿಲ್ಲ."

ಕಲ್ಮೇಶ ನೆಲ ನೋಡಿದ. ಗೌರೀಶ ಮಾತ್ರ, ಅದರಲ್ಲೇನು ಎನ್ನುವಂತೆ, "ಕಲೀರಲ್ಲ ಮತ್ತ," ಎಂದ. "ನನ್ನ ಕೈಲೆ ಯಾದಿ ತಿದ್ದಿಸಿದಿರಿ. ನಿಮ್ಮ ಯಾದಿಯೊಳಗ ಇದನ್ನ ಒಂದಕ್ಕ ಹಾಕ್ರಿ. ಬೆಳಗಾಂವ್ಯಾಗ ನನಗ ಗೊತ್ತಿದ್ದ ಒಂದು ವರ್ಕ್‌ಶಾಪ್ ಐತಿ. ಅಲ್ಲಿ ಆರ್ಗನ್ ಗ್ಯಾಸಿನ ವೆಲ್ಡಿಂಗ್‌ಲೆ ಅಲ್ಯುಮಿನಿಯಂ ಬೆಸೀತಾರ. ನಾ ಮಾತಾಡತೇನಿ."

ಐವತ್ತೊಂದರ ವಯಸ್ಸಿನಲ್ಲಿ ಫಕ್ರುಸಾಬರು ಡಬ್ಬಿ ಕಟ್ಟಿಕೊಂಡು ಬೆಳಗಾವಿಯ ಬಸ್ಸು ಹತ್ತಿದರು. ವಾರಕ್ಕೆರಡು ದಿನ, ಸೋಮವಾರ ಮತ್ತು ಗುರುವಾರ. ಕಲಿಸುವವರು ಯಾರೋ ಬಿಳಿಗಡ್ಡದ ಮಿಸ್ತ್ರಿ ಇರಬೇಕೆಂದು ಎಣಿಸಿದ್ದರು. ಮುಖದ ಮೇಲಿನ ಕಪ್ಪು ಗಾಜಿನ ಮುಖವಾಡ ಎತ್ತಿ "ಬರ್ರಿ ಕಾಕಾ, ಕುಂಡ್ರ್ರಿ" ಎಂದದ್ದು ಇಪ್ಪತ್ತಾರರ ಶೈಲಜಾ.

ಅವಳು ಸಿರಸಂಗಿಯ ಕಮ್ಮಾರರ ಮನೆಯವಳು. ಅಜ್ಜ ಕುಡಗೋಲು, ಕುಳ ಬಡಿದವರು. ಅವಳು ಡಿಪ್ಲೊಮಾ ಓದಿ ಈ ವರ್ಕ್‌ಶಾಪು ಸೇರಿದ್ದಳು. ಗಂಡಸರು ಹತ್ತು ಮಂದಿ ಇದ್ದ ಆ ಜಾಗದಲ್ಲಿ ಅಲ್ಯುಮಿನಿಯಂ ಬಂದರೆ ಅವಳ ಮೇಜಿಗೇ ಹೋಗುತ್ತಿತ್ತು.

"ತಾಮ್ರ ಕಾದ್ರ ಬಣ್ಣ ಬದಲಿ ಮಾಡಿ ನಿಮಗ ಸುದ್ದಿ ಕೊಡತೈತಿ. ಇದು ಕೊಡೂದಿಲ್ಲ ಕಾಕಾ," ಎಂದು ಅವಳು ಮೊದಲ ದಿನವೇ ಹೇಳಿದಳು. "ಆದ್ರ ಕರಗೂಮುಂದ ಮ್ಯಾಲ ಸಣ್ಣ ಕನ್ನಡಿ ಹೊಳದಂಗ ಹೊಳೀತೈತಿ. ಆ ಹೊಳಪು ಕಂಡಕೂಡಲೆ ಬೆಸುಗಿ ಕಡ್ಡಿ ಕೊಡಬೇಕು, ಪೆಡಲಿನ ಮ್ಯಾಲಿನ ಕಾಲು ಸಡಲ ಬಿಡಬೇಕು. ಮೊದಲ ಬ್ರಷ್‌ಲೆ ಚಂದಂಗ ತಿಕ್ಕಬೇಕು, ಹೊಲಸ ಇದ್ರ ಹಿಡಿಯೂದಿಲ್ಲ."

ಆರು ವರ್ಷ ತಮ್ಮನ್ನು ಓಡಿಸಿದ ಲೋಹವೂ ಸುದ್ದಿ ಕೊಡುತ್ತದೆ, ಬೇರೆ ಭಾಷೆಯಲ್ಲಿ ಕೊಡುತ್ತದೆ ಎಂದು ತಿಳಿದು ಫಕ್ರುಸಾಬರಿಗೆ ಮೈ ಜುಮ್ಮೆಂದಿತು. ಕಣ್ಣಿಗೆ ಹೊಳಪು ಬೇಗ ಗುರುತು ಸಿಕ್ಕಿತು. ಬಲಗೈ ಉರಿ ಹಿಡಿಯಿತು, ಎಡಗೈ ಕಡ್ಡಿ ಹಿಡಿಯಿತು. ತಕರಾರು ತೆಗೆದದ್ದು ಕಾಲು. ಕರೆಂಟು ಹೆಚ್ಚು ಕಡಿಮೆ ಮಾಡುವುದು ಕಾಲಡಿಯ ಪೆಡಲಿನಿಂದ. ಮೂವತ್ತು ವರ್ಷ ಕುಕ್ಕರಗಾಲಲ್ಲಿ ಕೂತು ಕೆಲಸ ಮಾಡಿದ ಅವರ ಕಾಲಿಗೆ ಕೈಯ ಜೊತೆ ಕೂಡಿ ಕೆಲಸ ಮಾಡಿ ಗೊತ್ತೇ ಇರಲಿಲ್ಲ. ಕಣ್ಣು ಹೊಳಪು ಕಂಡು ಕಾಲಿಗೆ ಹೇಳುವಷ್ಟರಲ್ಲಿ ತೂತು ಬಿದ್ದಿರುತ್ತಿತ್ತು. ನಾಲ್ಕು ವಾರದ ಹೊತ್ತಿಗೆ ತೂತುಬಿದ್ದ ತಗಡಿನ ತುಂಡುಗಳು ಒಂದು ಬುಟ್ಟಿ ತುಂಬಿದವು.

"ಬುಟ್ಟಿ ನೀವೊಬ್ಬರ ತುಂಬಿಲ್ಲ ಕಾಕಾ, ನಾ ಮೂರು ಬುಟ್ಟಿ ತುಂಬೇನಿ," ಎಂದು ಶೈಲಜಾ ಹೇಳುತ್ತಿದ್ದಳು. ಅವಳು ಒಮ್ಮೆಯೂ ದನಿ ಏರಿಸಲಿಲ್ಲ. ಆದರೂ ಒಂದು ಗುರುವಾರ ಮನೆಗೆ ಬಂದವರೇ ಡಬ್ಬಿ ಕೆಳಗಿಟ್ಟು, "ಇನ್ನ ನಾ ಹೋಗೂದಿಲ್ಲ" ಎಂದರು.

ಮನೆಯೊಳಗೆ ಅವರ ಮಾತು ಉರ್ದುವಿನಲ್ಲಿ. ಸಿಟ್ಟು ಬಂದಾಗ ಮಾತ್ರ ಇಬ್ಬರಿಗೂ ಕನ್ನಡವೇ ಬಾಯಿಗೆ ಬರುತ್ತಿತ್ತು. ಜುಬೇದಾಬಿ ಹೊಲಿಗೆ ನಿಲ್ಲಿಸಿದಳು.

"ಯಾಕ? ಆಕಿ ಏನರ ಅಂದಳೇನು?"

"ಆಕಿ ಬಂಗಾರದಂಥಾ ಹುಡುಗಿ. ನನ್ನ ಕಾಲ ಕೇಳವಲ್ದು. ಕೈ ಒಂದು ಹೇಳತೈತಿ, ಕಾಲು ಒಂದು ಮಾಡತೈತಿ."

ಪೆಡಲಿನ ಸಂಗತಿಯನ್ನೆಲ್ಲ ಕೇಳಿದ ಜುಬೇದಾಬಿ ಸೆರಗು ಬಾಯಿಗಿಟ್ಟು ನಗತೊಡಗಿದಳು. "ಏನ್ರೀ, ಕೈಲೆ ಅರಿವಿ ಸರಿಸಿ, ಕಾಲಲೆ ಮಶೀನ ತುಳದು, ನಾ ಈ ಮನ್ಯಾಗ ಇಪ್ಪತ್ತೈದು ವರ್ಷದಿಂದ ಏನು ಮಾಡಾಕ ಹತ್ತೇನಿ ಅಂತ ತಿಳದೀರಿ?"

ಅವಳು ಎದ್ದು ಗಂಡನನ್ನು ಹೊಲಿಗೆ ಯಂತ್ರದ ಮುಂದೆ ಕೂರಿಸಿದಳು. ದಾರ ತೆಗೆದು ಬರಿ ಸೂಜಿ ಇಟ್ಟಳು. ಹಳೆಯ ಕ್ಯಾಲೆಂಡರಿನ ಹಾಳೆಯ ಮೇಲೆ ಪೆನ್ಸಿಲಿನಿಂದ ಗೆರೆ ಎಳೆದು, "ಈ ಗೆರಿ ಮ್ಯಾಲ ತೂತು ಬೀಳಬೇಕು, ಗೆರಿ ಮುಗದಲ್ಲೆ ಸೂಜಿ ನಿಂದರಬೇಕು. ಮೊದಲ ಸಾವಕಾಶ" ಎಂದಳು. ಸೂಜಿ ಗೆರೆ ಬಿಟ್ಟು ಓಡಿತು, ಹಾಳೆ ಹರಿಯಿತು. ಇನ್ನೊಂದು ಹಾಳೆ ಇಟ್ಟಳು. ಮೊದಲ ವಾರ ಗೆರೆಗಳು, ಎರಡನೇ ವಾರ ಡೊಂಕು ಗೆರೆಗಳು, ಮೂರನೇ ವಾರ ದಾರ ಏರಿಸಿ ತಲೆದಿಂಬಿನ ಚೀಲ. ಓಣಿಯ ಹೆಂಗಸರು ಬಾಗಿಲಿಂದ ಇಣುಕಿ, ಫಕ್ರುಸಾಬರು ದರ್ಜಿಯಾದರೆಂದು ನಗುತ್ತಿದ್ದರು. ಅವರು ತಲೆ ಎತ್ತುತ್ತಿರಲಿಲ್ಲ. ಜುಬೇದಾಬಿ ಗಂಡನ ಕಾಲಿನ ಮೇಲೆ ಕಣ್ಣಿಟ್ಟು, "ಬಿಗೀ ಹಿಡೀಬ್ಯಾಡ್ರಿ, ಹಗೂರ, ಹಗೂರ" ಎನ್ನುತ್ತಿದ್ದಳು. ನಾಲ್ಕನೇ ವಾರ ಅವರು ಸಮವಸ್ತ್ರದ ಚಡ್ಡಿಯೊಂದರ ಅಂಚು ಹೊಲಿದರು. ಅದನ್ನು ಅವಳು ಬಿಚ್ಚದೆ ಹಾಗೆಯೇ ಗಿರಾಕಿಗೆ ಕೊಟ್ಟಳು.

ಮುಂದಿನ ಸೋಮವಾರ ಬೆಳಗಾವಿಯಲ್ಲಿ ಕಪ್ಪು ಗಾಜಿನ ಹಿಂದೆ ಹೊಳಪು ಕಂಡಿತು, ಕಡ್ಡಿ ಇಳಿಯಿತು, ಕಾಲು ತಾನಾಗಿ ಸಡಿಲವಾಯಿತು. ಒಂದರ ಪಕ್ಕ ಒಂದು, ಒಂದರ ಪಕ್ಕ ಒಂದು, ಕಾಸಿನ ಸರ ಮಲಗಿಸಿದಂತೆ ಬೆಸುಗೆ ಸಾಗಿತು. ಶೈಲಜಾ ಅದನ್ನು ಇಕ್ಕಳದಲ್ಲಿ ಎತ್ತಿ ಕಿಟಕಿಯ ಬೆಳಕಿಗೆ ಹಿಡಿದಳು.

"ಕಾಕಾ, ಇದ ಎಲ್ಲಿ ಕಲತ್ರಿ?"

"ಮನ್ಯಾಗೊಬ್ಬ ಉಸ್ತಾದ ಅದಾರವಾ."

ದೀಪಾವಳಿ ಕಳೆದ ಮೇಲೆ ಗೌರೀಶ ಒಂದು ಆರ್ಗನ್ ಮಶೀನನ್ನು ತರಿಸಿ ತಗಡಿನ ಅಂಗಡಿಯಲ್ಲಿ ಇಳಿಸಿದ. ಹುಬ್ಬಳ್ಳಿಯ ಗುಜರಿಯಿಂದ ಕಲ್ಮೇಶ ಎರಡು ಲಾರಿ ಇಂಟರ್‌ಕೂಲರ್ ತಂದ. ಫಕ್ರುಸಾಬರು ರಟ್ಟಿನಲ್ಲಿ ಮೊದಲು ಒಂದು ಮಾದರಿ ಮಾಡಿ, ಕಾರಿನ ಮೂತಿಯೊಳಗೆ ಇಟ್ಟು ನೋಡಿ, ಕತ್ತರಿಸಿ, ಮತ್ತೆ ಇಟ್ಟು ನೋಡಿದರು. ಎಡದ ಟರ್ಬೊ ಮತ್ತು ಬಲದ ಟರ್ಬೊ ಎರಡರ ಗಾಳಿಯೂ ಒಂದೇ ಪೆಟ್ಟಿಗೆಗೆ ಬಂದು, ಆರಿ, ಒಂದೇ ಬಾಯಿಂದ ಎಂಜಿನ್ನಿಗೆ ಹೋಗಬೇಕು. ಹನ್ನೊಂದು ದಿನದ ಕೆಲಸ. ಹನ್ನೆರಡನೇ ದಿನ ಬಾಯಿಗಳನ್ನು ಮುಚ್ಚಿ, ಗಾಳಿ ತುಂಬಿ, ಸಿಮೆಂಟಿನ ತೊಟ್ಟಿಯಲ್ಲಿ ಮುಳುಗಿಸಿದರು.

ಮೂವರೂ ತೊಟ್ಟಿಯ ಸುತ್ತ ಬಗ್ಗಿ ನಿಂತರು. ಮೊದಲು ಲೋಹಕ್ಕೆ ಅಂಟಿದ್ದ ನಾಲ್ಕಾರು ಗುಳ್ಳೆ ಎದ್ದವು. ಆಮೇಲೆ ನೀರು ಸುಮ್ಮನಾಯಿತು. ಫಕ್ರುಸಾಬರು ಒತ್ತಡ ಇನ್ನೂ ಏರಿಸಿದರು. ನೀರು ಕನ್ನಡಿಯಂತೆಯೇ ಇತ್ತು. ಕಲ್ಮೇಶ "ಚಾಚಾ!" ಎಂದು ಕೂಗಿದ. ಫಕ್ರುಸಾಬರು ಒದ್ದೆ ಕೈಯನ್ನು ಮುಖಕ್ಕೆ ಒರೆಸಿಕೊಂಡರು. ಕಣ್ಣು ಒದ್ದೆಯಾದದ್ದು ತೊಟ್ಟಿಯ ನೀರಿನಿಂದಲೇ ಎಂದು ಇಬ್ಬರೂ ಒಪ್ಪಿಕೊಂಡರು.

ಟರ್ಬೊಗಳನ್ನು ಕೂಡಿಸಿದ್ದು ಎಲ್ಲಕ್ಕಿಂತ ಕೊನೆಗೆ, ೨೦೦೫ರ ಜನವರಿಯಲ್ಲಿ. ಬಣ್ಣ ಹಳೆಯದೇ ಉಳಿಯಿತು, ಗೌರೀಶನಿಗೆ ಅದರ ನೆನಪೇ ಹೋಗಿತ್ತು. ಒಂದು ಭಾನುವಾರ ಬೆಳಕು ಹರಿಯುವ ಹೊತ್ತಿಗೆ ಕಿತ್ತೂರಿನ ಕಡೆ ಹೊರಟರು. ಕಿತ್ತೂರು ದಾಟಿ ದೊಡ್ಡ ಹೆದ್ದಾರಿಗೆ ಬಿದ್ದ ಮೇಲೆ ಗೌರೀಶ ಕಾಲು ಒತ್ತಿದ. ಒಂದು ಕ್ಷಣ ಏನೂ ಆಗಲಿಲ್ಲ. ಆಮೇಲೆ ಸಿಳ್ಳಿನಂಥ ಸದ್ದು ಎದ್ದು, ಯಾರೋ ಬೆನ್ನ ಹಿಂದಿನಿಂದ ಅಂಗೈಯಿಟ್ಟು ನೂಕಿದಂತೆ ಫಕ್ರುಸಾಬರು ಸೀಟಿಗೆ ಒರಗಿದರು. ಟೊಪ್ಪಿಗೆ ಹಿಂದಕ್ಕೆ ಜಾರಿತು. ಅವರ ಕಣ್ಣು ರಸ್ತೆಯ ಮೇಲಿರಲಿಲ್ಲ, ಎಂಜಿನ್ನಿನ ಕಾವು ತೋರಿಸುವ ಮುಳ್ಳಿನ ಮೇಲಿತ್ತು. ಮುಳ್ಳು ನಟ್ಟನಡುವೆ ನಿಂತಿತ್ತು, ಕದಲಲಿಲ್ಲ.

"ಯಾ ಅಲ್ಲಾ, ನಿನ್ನ ದಯಾ" ಎಂದರು ಮೆಲ್ಲಗೆ.

ಗೌರೀಶ ನಿಧಾನಕ್ಕೆ ಬ್ರೇಕ್ ಒತ್ತಿ ಕಾರನ್ನು ಬದಿಗೆ ನಿಲ್ಲಿಸಿದ. "ಫಕ್ರುಸಾಬ್ರ, ಆ ಆರ್ಗನ್ ಮಶೀನ ನಾ ಒಯ್ಯೂದಿಲ್ರಿ. ನನ್ನ ಮನ್ಯಾಗ ಅದು ಏನು ಮಾಡತೈತಿ? ನೀವು ಅವತ್ತು ಗುಡ್ಡಕ್ಕ ಕರಕೊಂಡು ಹೋಗಲಿಲ್ಲಂದ್ರ ನಾ ಇವತ್ತ ಇರತಿದ್ದಿಲ್ಲ. ಬ್ಯಾಡ ಅನಬ್ಯಾಡ್ರಿ."

ಫಕ್ರುಸಾಬರು ಅವನ ಭುಜದ ಮೇಲೆ ಕೈಯಿಟ್ಟು ಕೂತರು. ಯಾರ ಉಪಕಾರ ಯಾರ ಮೇಲೆ ಎಂದು ಲೆಕ್ಕ ಹಾಕಲು ಹೋದರೆ ಎತ್ತ ನೋಡಿದರೂ ತಕ್ಕಡಿಯಲ್ಲಿ ತಮ್ಮ ಋಣದ ತಟ್ಟೆಯೇ ಕೆಳಗಿಳಿಯುತ್ತಿದೆ ಎನ್ನಿಸಿತು.

ಬಿಳಿಯ ರೇಡಿಯೇಟರುಗಳು ಈಗ ಬಂದು ನಿಲ್ಲತೊಡಗಿದವು. ಮೊದಲು ಬೈಲಹೊಂಗಲದವು, ಆಮೇಲೆ ಸವದತ್ತಿ, ರಾಮದುರ್ಗದವು. ಸಾಲಹಳ್ಳಿಯಿಂದ ಒಬ್ಬ ರೈತ ತನ್ನ ಹೊಸ ಟ್ರ್ಯಾಕ್ಟರಿನ ಕೂಲರನ್ನು ಬಸ್ಸಿನ ಮೇಲೆ ಹಾಕಿಕೊಂಡು ಬಂದ. ಆರು ವರ್ಷದಲ್ಲಿ ಬರಿಗೈಯಲ್ಲಿ ಕಳಿಸಿದವರಲ್ಲಿ ನೆನಪಿದ್ದವರಿಗೆಲ್ಲ ಫಕ್ರುಸಾಬರೇ ಹೇಳಿ ಕಳಿಸಿದರು: "ಅವತ್ತ ನಂಗ ಬರತಿದ್ದಿಲ್ಲ, ಈಗ ಬರತೈತಿ, ಬರ್ರಿ." ಹಾಗೆ ಹೇಳಿ ಕಳಿಸುವಾಗ ನಾಚಿಕೆಯಾದೀತು ಎಂದುಕೊಂಡಿದ್ದರು. ಆಗಲಿಲ್ಲ. ಎದೆಯ ಮೇಲಿಂದ ಚೀಲ ಇಳಿಸಿದಂತಾಯಿತು.

ಜುಬೇದಾಬಿ ದಪ್ಪನೆಯ ಜೀನ್ಸ್ ಬಟ್ಟೆಯಲ್ಲಿ ಶೈಲಜಾಗೆ ಒಂದು ಏಪ್ರನ್ ಹೊಲಿದಳು. ಕಿಡಿ ತಾಗುವ ಕಡೆ ಎರಡು ಪದರು, ಕಡ್ಡಿ ಇಡಲು ಉದ್ದನೆಯ ಜೇಬು. ಗಂಡ ಹೆಂಡತಿ ಇಬ್ಬರೂ ಬೆಳಗಾವಿಗೆ ಹೋಗಿ, ಖರ್ಜೂರದ ಪೊಟ್ಟಣದ ಜೊತೆ ಅದನ್ನು ಅವಳ ಕೈಗಿಟ್ಟರು. ಶೈಲಜಾ ಹಿಂದೆ ಸರಿದಳು.

"ಹಿಂಗ ಮಾಡಬ್ಯಾಡ್ರಿ ಕಾಕಾ. ನಿಮ್ಮ ಮಗಳ ವಯಸ್ಸಿನಾಕಿ ನಾನು."

"ನೀ ಕಲಸೂಮುಂದ ನನ್ನ ವಯಸ್ಸ ಕೇಳಿದ್ದಿಲ್ಲಲ್ಲವಾ. ನಾ ಕೊಡೂಮುಂದ ನಿನ್ನ ವಯಸ್ಸ ಯಾಕ ಕೇಳಲಿ?"

ಜುಬೇದಾಬಿ ಅಲ್ಲಿಯೇ ಏಪ್ರನ್ ತೊಡಿಸಿ, ಹಿಂದಿನ ಕಟ್ಟು ಸರಿ ಮಾಡಿ, ಎರಡೂ ಕೈಯಿಂದ ಅವಳ ಗಲ್ಲ ಮುಟ್ಟಿ ನೆಟಿಗೆ ತೆಗೆದಳು.

೨೦೦೭ರ ಮೇ ತಿಂಗಳಲ್ಲಿ ಸಿರಸಂಗಿಯಲ್ಲಿ ಶೈಲಜಾಳ ಮದುವೆಯಾಯಿತು. ಕರೆಯೋಲೆ ಕೊಡಲು ಅವಳ ತಂದೆಯೇ ಬೈಲಹೊಂಗಲಕ್ಕೆ ಬಂದಿದ್ದರು. ಗೌರೀಶ ಹಟ ಹಿಡಿದು ತನ್ನ ಕಾರಲ್ಲೇ ಎಲ್ಲರನ್ನೂ ಕರೆದೊಯ್ದ. ಎರಡು ಬಾಗಿಲಿನ ಆ ಕಾರಿನ ಹಿಂದಿನ ಸೀಟಿಗೆ ಜುಬೇದಾಬಿಯನ್ನು ಹತ್ತಿಸುವಷ್ಟರಲ್ಲಿ ಓಣಿಯೇ ನೆರೆಯಿತು. "ಇಷ್ಟ ದೊಡ್ಡ ಎಂಜಿನ್ ಇಟ್ಟಾರ, ಮನಷ್ಯಾರಿಗೆ ಜಾಗಾ ಇಟ್ಟಿಲ್ಲ" ಎಂದು ಅವಳು ಸವದತ್ತಿಯವರೆಗೂ ಗೊಣಗುತ್ತಲೇ ಇದ್ದಳು.

ಅಕ್ಷತೆ ಬಿದ್ದ ಮೇಲೆ ಇವರು ಮಂಟಪದ ಹತ್ತಿರ ಹೋದರು. ಬಿಳಿಗಡ್ಡಕ್ಕೆ ಅತ್ತರು ಹಚ್ಚಿ, ಇಸ್ತ್ರಿಯ ಅಂಗಿ ತೊಟ್ಟ ಫಕ್ರುಸಾಬರನ್ನು ನೋಡಿ ವರನ ಸೋದರಮಾವ, "ಇವರು ಯಾರವಾ?" ಎಂದು ಕೇಳಿದರು.

"ನನ್ನ ಮೊದಲನೇ ವಿದ್ಯಾರ್ಥಿ," ಎಂದಳು ಶೈಲಜಾ, ಬಾಸಿಂಗದ ಕೆಳಗಿಂದ ನಗುತ್ತ.

ಸುತ್ತಲಿದ್ದವರು ಚೇಷ್ಟೆ ಎಂದು ನಕ್ಕರು. ಫಕ್ರುಸಾಬರು ಎದೆಯ ಮೇಲೆ ಕೈಯಿಟ್ಟು ತಲೆ ಬಾಗಿಸಿ, "ಖರೇನ ಹೇಳಾಕ ಹತ್ತ್ಯಾಳ್ರಿ" ಎಂದರು. ಸೋದರಮಾವ ಒಂದು ಗಳಿಗೆ ಅವರ ಮುಖ, ಒಂದು ಗಳಿಗೆ ಮದುಮಗಳ ಮುಖ ನೋಡಿ, ಎದ್ದು ತಮ್ಮ ಕುರ್ಚಿಯನ್ನೇ ಫಕ್ರುಸಾಬರ ಕಡೆ ಸರಿಸಿದರು. ಊಟಕ್ಕೆ ಕೂತಾಗ ಹುಗ್ಗಿಯ ಬಕೆಟ್ ಹಿಡಿದು ಮೊದಲು ಬಂದವರೂ ಅವರೇ. ಸಾಕು ಸಾಕು ಎನ್ನುತ್ತಿದ್ದ ಫಕ್ರುಸಾಬರ ಎಲೆಗೆ ಎರಡು ಸೌಟು ಹುಗ್ಗಿ ಬಿತ್ತು, ಅದರ ಮೇಲೆ ಒಂದು ಮಿಳ್ಳಿ ತುಪ್ಪ.